ಹತ್ತೊಂಬತ್ತು ಊಸರವಳ್ಳಿ ಮರಿಗಳು

ಆಗಸ್ಟ್ ತಿಂಗಳಲ್ಲಿ ನಮ್ಮ ಮನೆಯ ಗ್ಯಾರೇಜಿನ ಬಾಗಿಲು ತೆರೆದರೆ ಮೊದಲು ಬರುವುದು ವಾಸನೆ. ಕಾದ ರಬ್ಬರು, ಹಳೇ ರಟ್ಟಿನ ಪೆಟ್ಟಿಗೆ, ಅರ್ಧ ಉಳಿದ ಬಣ್ಣದ ಡಬ್ಬಿ, ಎಲ್ಲ ಸೇರಿ ಬೆಂದು ಮುಖಕ್ಕೆ ರಾಚುತ್ತವೆ. ಮೊನ್ನೆ ಭಾನುವಾರ ಸುಮಾ, ಅಂದರೆ ನನ್ನ ಹೆಂಡತಿ, ದೊಡ್ಡ ಕುಕ್ಕರ್ ತರಲು ನನ್ನನ್ನು ಅಲ್ಲಿಗೆ ಕಳಿಸಿದಳು. ಬಾಗಿಲು ತೆರೆದೆ. ವಾಸನೆ ಬಂತು. ಮುಚ್ಚಿಕೊಂಡು ವಾಪಸು ಬಂದೆ. "ಯಾಕ್ರಿ, ಸಿಗಲಿಲ್ಲೇನು?" ಅಂದಳು. ಸಿಗಲಿಲ್ಲ ಅಂದೆ. ಅವಳೇ ಹೋಗಿ ಅರ್ಧ ನಿಮಿಷದಲ್ಲಿ ತಂದಳು, ನನ್ನನ್ನು ನೋಡಿದಳು.

ನಿಮಗೆ ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಮಾತು ಎಲ್ಲೆಲ್ಲೋ ಹೋಗುವ ಅಭ್ಯಾಸ ನನಗುಂಟು. ಎರಡು ಸಾವಿರದ ಏಳರ ಶ್ರಾವಣದಲ್ಲಿ, ಇದೇ ಗ್ಯಾರೇಜಿನಲ್ಲಿ, ನನ್ನ ಮಗಳು ಏಳು ತಿಂಗಳು ಕಾದು ಮರಿ ಮಾಡಿಸಿದ ಊಸರವಳ್ಳಿಗಳನ್ನು ನಾನು ಕೊಂದೆ. ಬೇಕೆಂದು ಕೊಲ್ಲಲಿಲ್ಲ, ನಿಜ. ಆದರೆ ಅವು ಸತ್ತದ್ದು ತನ್ನ ತಪ್ಪಿನಿಂದ ಎಂದು ಅವಳು ಇವತ್ತಿಗೂ ನಂಬಿದ್ದಾಳೆ. ಆ ನಂಬಿಕೆಯನ್ನು ಅವಳಿಗೆ ಕೊಟ್ಟವನು ನಾನು, ಮತ್ತು ಅದನ್ನು ಬೇಕೆಂದೇ ಕೊಟ್ಟೆ.

ಊಸರವಳ್ಳಿಯನ್ನು ಸಾಕುವುದೆಂದರೆ ನಮ್ಮ ಕಡೆಯವರಿಗೆ ನಗು ಬರುತ್ತದೆ. ನಮಗೆ ಅದು ಪ್ರಾಣಿಗಿಂತ ಹೆಚ್ಚಾಗಿ ಬೈಗುಳ. ಪಕ್ಷ ಬದಲಿಸಿದವರಿಗೆ, ಮಾತು ತಿರುಗಿಸಿದ ಬೀಗರಿಗೆ ಬಳಸುವಂಥದ್ದು. ಧಾರವಾಡದಲ್ಲಿ ನಾವು ಹುಡುಗರಿದ್ದಾಗ ಬೇಲಿಯ ಮೇಲೆ ಓತಿಕ್ಯಾತ ಕಂಡರೆ ಸಾಕು, ಎಲ್ಲರೂ ಬಗ್ಗಿ ಕಲ್ಲು ಹುಡುಕುತ್ತಿದ್ದೆವು. ಅದು ತಲೆಯಾಡಿಸಿ ನಮ್ಮನ್ನು ಅಣಕಿಸುತ್ತದೆ ಎಂಬುದೇ ಅದರ ಅಪರಾಧ. ನಾನು ಗುರಿಯಲ್ಲಿ ಅಷ್ಟೇನೂ ಜಾಣನಿರಲಿಲ್ಲ, ಒಂದೂ ನನ್ನ ಕಲ್ಲಿಗೆ ಸಿಗಲಿಲ್ಲ. ಈ ವಿಷಯವನ್ನು ಬಹಳ ವರ್ಷ ನಾನು ನನ್ನ ಸಾತ್ವಿಕತೆಯ ಲೆಕ್ಕಕ್ಕೆ ಹಾಕಿಕೊಂಡಿದ್ದೆ.

ನನ್ನ ಮಗಳು ಮೇಧಾ ಹುಟ್ಟಿದ್ದು, ಹತ್ತು ವರ್ಷ ಬೆಳೆದದ್ದು ಲಾಸ್ ಏಂಜಲೀಸಿನ ಪಕ್ಕದ ಗ್ಲೆಂಡೇಲಿನಲ್ಲಿ. ಎರಡು ಕೋಣೆಯ ಅಪಾರ್ಟ್‌ಮೆಂಟು. ಮೇಲಿನ ಮಹಡಿಯಲ್ಲಿ ನಾರೆ ಎಂಬ ಆರ್ಮೇನಿಯನ್ ಹುಡುಗಿ. ಇಬ್ಬರೂ ಒಂದೇ ಕ್ಲಾಸು. ಬೆಳಿಗ್ಗೆಯಿಂದ ಸಂಜೆಯವರೆಗೆ ಮೆಟ್ಟಿಲ ಮೇಲೆ ಮಾತೇ ಮಾತು. ೨೦೦೬ರಲ್ಲಿ ನನಗೆ ಸ್ಯಾನ್ ಡಿಯಾಗೋ ಕಡೆ ಪೊವೇಯಲ್ಲಿ ಕೆಲಸ ಸಿಕ್ಕಿತು. ಅಲ್ಲೇ ಹತ್ತಿರ ಫೋರ್ ಎಸ್ ರ್ಯಾಂಚ್ ಎಂಬ ಬಡಾವಣೆಯಲ್ಲಿ ಹೊಸ ಮನೆ ತೆಗೆದುಕೊಂಡೆವು. ಮಹಡಿ ಮನೆ, ಎರಡು ಕಾರಿನ ಗ್ಯಾರೇಜು, ಹಿತ್ತಿಲಿನಲ್ಲಿ ಗುದ್ದಲಿ ಇಳಿಯದ ಗಟ್ಟಿ ಮಣ್ಣು. ನಾನೂ ಸುಮಾನೂ ಟೈಲ್ಸ್ ಬಣ್ಣ, ಪರದೆಯ ಬಣ್ಣ ಅಂತ ಓಡಾಡುತ್ತಿದ್ದೆವು. ಮಗಳು ಮಾತು ನಿಲ್ಲಿಸಿದ್ದು ನಮ್ಮ ಗಮನಕ್ಕೆ ಬಂದದ್ದು ಅಕ್ಟೋಬರಿನಲ್ಲಿ, ಅದೂ ಶಾಲೆಯಿಂದ ಟೀಚರ್ ಫೋನ್ ಮಾಡಿ, ಅವಳು ಊಟದ ಹೊತ್ತಿನಲ್ಲಿ ದಿನಾ ಒಬ್ಬಳೇ ಗೋಡೆಯ ಹತ್ತಿರ ಕೂತಿರುತ್ತಾಳೆ ಎಂದು ಹೇಳಿದ ಮೇಲೆ.

"ಏನಾಗೇದ ಪುಟ್ಟಿ?" ಎಂದರೆ "ನಥಿಂಗ್" ಅನ್ನುತ್ತಿದ್ದಳು. ಅವಳಿಗೆ ನಮ್ಮ ಕನ್ನಡವೆಲ್ಲ ತಿಳಿಯುತ್ತದೆ, ಉತ್ತರ ಮಾತ್ರ ಯಾವಾಗಲೂ ಇಂಗ್ಲಿಷಿನಲ್ಲಿ. ಆ ದಿನಗಳಲ್ಲಿ ಆ ಉತ್ತರವೂ ಒಂದೇ ಶಬ್ದಕ್ಕೆ ಇಳಿದಿತ್ತು.

ಆಗ ನಮ್ಮ ಆಫೀಸಿನಲ್ಲಿ ಒಬ್ಬನ ಮಗ ಕಾಲೇಜಿಗೆ ಹೋದ. ಅವನು ಸಾಕಿದ್ದ ಊಸರವಳ್ಳಿಯನ್ನು ಯಾರಾದರೂ ಒಯ್ಯಿರಿ ಎಂದು ಅವನಪ್ಪ ಎಲ್ಲರ ಟೇಬಲ್ಲಿಗೂ ಬಂದು ಕೇಳುತ್ತಿದ್ದ. ಯೆಮೆನ್ ದೇಶದ ಜಾತಿಯದು, ಹಸಿರು, ತಲೆಯ ಮೇಲೆ ಸೆರಗು ಹೊದ್ದಂತೆ ಎತ್ತರದ ಎಲುಬು. ನಾನು ಯೋಚನೆ ಮಾಡದೆ ಹೂಂ ಅಂದೆ. ಸಂಜೆ ಅದನ್ನು ಜಾಲರಿ ಪೆಟ್ಟಿಗೆಯ ಸಮೇತ ತಂದು ಊಟದ ಮನೆಯಲ್ಲಿ ಇಟ್ಟಾಗ ಸುಮಾ ನನ್ನ ಜೊತೆ ಎರಡು ದಿನ ಮಾತಾಡಲಿಲ್ಲ. ಮೇಧಾ ಮಾತ್ರ ಪೆಟ್ಟಿಗೆಯ ಮುಂದೆ ನೆಲದ ಮೇಲೆ ಕೂತು, ಒಂದು ತಾಸಿನ ಮೇಲೆ, "ಅಪ್ಪಾ, ಅವಳ ಎರಡು ಕಣ್ಣೂ ಬೇರೆ ಬೇರೆ ಕಡೆ ತಿರುಗ್ತವೆ, ನೋಡು" ಎಂಬರ್ಥದ ಉದ್ದನೆಯ ಇಂಗ್ಲಿಷ್ ವಾಕ್ಯ ಹೇಳಿದಳು. ಅದಕ್ಕೆ ಪಿಕಲ್ ಎಂದು ಹೆಸರಿಟ್ಟಳು. ಸುಮಾ ಅದನ್ನು ಉಪ್ಪಿನಕಾಯಿ ಎಂದೇ ಕರೆಯುತ್ತಿದ್ದಳು.

ಅದರ ಆಹಾರ ಜೀವಂತ ಮಿಡತೆ, ಚಿಮ್ಮಂಡೆ. ಈರುಳ್ಳಿ ಬೆಳ್ಳುಳ್ಳಿಗೂ ವಾರ ತಿಥಿ ನೋಡುವ ಮನೆ ನಮ್ಮದು. ಸೋಮವಾರ ಚಿಮ್ಮಂಡೆ ಹಾಕಬಾರದು ಎಂದು ಸುಮಾ ಕರಾರು ಮಾಡಿದಳು. ಉಪ್ಪಿನಕಾಯಿಗೆ ಸೋಮವಾರ ಒಪ್ಪತ್ತು. ದೊಡ್ಡ ಊಸರವಳ್ಳಿಗೆ ಒಂದು ದಿನ ಉಪವಾಸ ಏನೂ ಆಗುವುದಿಲ್ಲವೆಂದು ಮೇಧಾ ಗ್ರಂಥಾಲಯದ ಪುಸ್ತಕ ನೋಡಿ ಒಪ್ಪಿಕೊಂಡಳು. ಆ ಕರಾರು ನನಗೂ ತಮಾಷೆಯಾಗಿಯೇ ಕಂಡಿತ್ತು. ಮಡಿ, ಮೈಲಿಗೆ, ವ್ರತ ಎಲ್ಲವನ್ನೂ ನಾವು ಈ ದೇಶಕ್ಕೆ ತಂದು ಶನಿವಾರ ಭಾನುವಾರಕ್ಕೆ ಹೊಂದಿಸಿಕೊಂಡವರು. ಒಂದು ಹಲ್ಲಿಗೆ ಹೊಂದಿಸುವುದೇನು ಕಷ್ಟ ಅನ್ನಿಸಿತ್ತು.

ಜನವರಿಯಲ್ಲಿ ಒಂದು ಬೆಳಿಗ್ಗೆ ಸುಮಾ ಕೂಗಿದಳು. "ರೀ, ಇಲ್ಲಿ ಬರ್ರಿ ಒಂದೀಟು. ನಿಮ್ಮ ಉಪ್ಪಿನಕಾಯಿ ತುಳಸಿ ಬುಡಾ ಕೆದರ್ಲಿಕ್ಕತ್ತದ." ಚಳಿಗೆಂದು ತುಳಸಿಯ ಕುಂಡವನ್ನು ಒಳಗೆ ಕಿಟಕಿಯ ಹತ್ತಿರ ಇಟ್ಟಿದ್ದೆವು. ಪಿಕಲ್‌ಗೆ ಬಿಸಿಲು ಕಾಯಲಿ ಎಂದು ಮೇಧಾ ಅದನ್ನು ಆ ಗಿಡದ ಮೇಲೆ ಬಿಟ್ಟು ಶಾಲೆಗೆ ತಯಾರಾಗಲು ಹೋಗಿದ್ದಳು. ಹೋಗಿ ನೋಡಿದರೆ ಅದರ ಬಣ್ಣವೇ ಬೇರೆಯಾಗಿತ್ತು, ಕಪ್ಪಿಗೆ ತಿರುಗಿದ ಹಸಿರು, ಮೈತುಂಬ ಹಳದಿ ಚುಕ್ಕೆ. ಅರ್ಧ ಮೈ ಮಣ್ಣಿನೊಳಗೆ. ಹಿಂಗಾಲಿನಿಂದ ಮಣ್ಣು ಹೊರಕ್ಕೆ ಚಿಮ್ಮುತ್ತಿತ್ತು. ಆಫೀಸಿನವನ ಮನೆಯಲ್ಲಿ ಗಂಡು ಊಸರವಳ್ಳಿಯೂ ಇತ್ತು, ಇದು ಬಸುರಿಯಾಗಿಯೇ ನಮ್ಮಲ್ಲಿಗೆ ಬಂದಿತ್ತು ಎಂಬುದು ಆಮೇಲೆ ವಿಚಾರಿಸಿದಾಗ ತಿಳಿಯಿತು.

ಸಿಟ್ಟು ಬರುತ್ತದೆ ಅಂದುಕೊಂಡರೆ ಸುಮಾ ಸೆರಗು ಸಿಗಿಸಿಕೊಂಡು ಅಲ್ಲೇ ನಿಂತಳು. "ಹಡೀಲಿಕ್ಕೆ ಬಂದದ. ತುಳಸಿ ಹತ್ರನ ಬಂದದ ನೋಡ್ರಿ. ಯಾರೂ ಮುಟ್ಟಬ್ಯಾಡ್ರಿ." ಅವತ್ತು ಮೇಧಾ ಶಾಲೆಗೆ ಹೋಗಲಿಲ್ಲ. ಸಂಜೆಗೆ ಅದು ಮಣ್ಣು ಮುಚ್ಚಿ, ಸೊರಗಿದ ಮೈಯನ್ನು ಎಳೆದುಕೊಂಡು ಗಿಡ ಹತ್ತಿತು. ತುಳಸಿಯನ್ನು ಬೇರೆ ಕುಂಡಕ್ಕೆ ಬದಲಿಸಿ ಚಮಚದಲ್ಲಿ ಮಣ್ಣು ಬಿಡಿಸಿದೆವು. ಇಪ್ಪತ್ತಾರು ತತ್ತಿ. ಬಿಳಿ, ಉದ್ದ, ದೊಡ್ಡ ನೆಲಗಡಲೆಯ ಕಾಳಿನಷ್ಟು.

ತತ್ತಿಯನ್ನು ತಿರುಗಿಸಬಾರದು. ಕೋಳಿ ತತ್ತಿಯ ಹಾಗಲ್ಲ ಇದು. ಹೇಗೆ ಬಿದ್ದಿದೆಯೋ ಹಾಗೇ ಇರಬೇಕು, ತಿರುಗಿದರೆ ಒಳಗಿನ ಜೀವ ಉಸಿರುಗಟ್ಟಿ ಸಾಯುತ್ತದೆ. ಮೇಧಾ ಒಂದೊಂದರ ನೆತ್ತಿಯ ಮೇಲೂ ಪೆನ್ಸಿಲಿನಿಂದ ಚುಕ್ಕೆ ಇಟ್ಟಳು. ನಮ್ಮ ಮನೆಯಲ್ಲಿ ಮೊಸರು ಖಾಲಿಯಾದ ಡಬ್ಬಿಗಳಿಗೆ ಬರವಿರಲಿಲ್ಲ. ಅಂಥ ಮೂರು ಡಬ್ಬಿಯಲ್ಲಿ ಕುಂಡಕ್ಕೆ ಹಾಕುವ ಹಗುರ ಅಭ್ರಕದ ಪುಡಿಯನ್ನು ನೆನೆಸಿ ಹಾಕಿ, ತತ್ತಿಗಳನ್ನು ಸಾಲಾಗಿ ಅರ್ಧ ಹುಗಿದು, ನಡುಮನೆಯ ಕಪಾಟಿನಲ್ಲಿಟ್ಟಳು. ಸುಮಾ ಮೂರಕ್ಕೂ "ಮೊಸರಲ್ಲ" ಎಂದು ಚೀಟಿ ಅಂಟಿಸಿದಳು. ಮೇಧಾ ಒಂದು ನೋಟ್‌ಬುಕ್ಕಿನಲ್ಲಿ ದಿನಾ ಎರಡು ಸಲ ಅದರ ಉಷ್ಣತೆ ಬರೆಯುತ್ತಿದ್ದಳು. ಏಳು ತಿಂಗಳು ಬರೆದಳು. ನನಗೆ ಇಷ್ಟು ವರ್ಷ ಇಂಜಿನಿಯರ್ ಆಗಿದ್ದೂ ಅಂಥ ನೋಟ್‌ಬುಕ್ ಇಡಲು ಬಂದಿಲ್ಲ.

ಮೇ ತಿಂಗಳಿನಲ್ಲಿ ಒಂದು ತಪ್ಪಾಯಿತು. ಪುಡಿ ಒಣಗಿದೆಯೆಂದು ಮೇಧಾ ಒಂದು ಡಬ್ಬಿಗೆ ಸ್ವಲ್ಪ ಹೆಚ್ಚು ನೀರು ಹಾಕಿದಳು. ವಾರದಲ್ಲಿ ಆ ಡಬ್ಬಿಯ ನಾಲ್ಕು ತತ್ತಿ ಬೂಸ್ಟು ಹಿಡಿದವು. ಆ ರಾತ್ರಿ ಅವಳು ಊಟ ಮಾಡಲಿಲ್ಲ. "ಐ ಡ್ರೌನ್ಡ್ ದೆಮ್" ಎಂದು ನೋಟ್‌ಬುಕ್ಕಿನಲ್ಲಿ ಬರೆದಿದ್ದಳು. ನಾಲ್ಕು ಹೋದರೆ ಇಪ್ಪತ್ತೆರಡು ಉಳಿದಾವಲ್ಲ ಎಂದು ಸಮಾಧಾನ ಹೇಳಿದೆ.

ಆಗಸ್ಟಿನ ಮೊದಲ ವಾರ ತತ್ತಿಗಳು ಬೆವರಿದವು. ಇದು ನನ್ನ ಅಲಂಕಾರವಲ್ಲ, ಮರಿ ಹೊರಬರುವ ಮುನ್ನ ತತ್ತಿಯ ಮೇಲೆ ನಿಜವಾಗಿಯೂ ಸಣ್ಣ ಸಣ್ಣ ನೀರ ಹನಿ ಮೂಡುತ್ತವೆ. ಮಾರನೇ ದಿನ ಒಂದರ ತುದಿ ಸೀಳಿತು. ಒಂದು ಮೂಗು ಹೊರಗೆ ಬಂತು, ಅಲ್ಲೇ ಅರ್ಧ ದಿನ ಸುಧಾರಿಸಿಕೊಂಡಿತು. ಮೇಧಾ ಮಹಡಿಯವರೆಗೂ ಕೇಳುವ ಹಾಗೆ ನಗುತ್ತಿದ್ದಳು. ಒಂದು ವರ್ಷದಲ್ಲಿ ನಾನು ಆ ನಗು ಕೇಳಿರಲಿಲ್ಲ. ನಾಲ್ಕು ದಿನದಲ್ಲಿ ಹತ್ತೊಂಬತ್ತು ಮರಿ. ಮೂರು ತತ್ತಿ ಹಾಗೇ ಉಳಿದುಹೋದವು. ಪ್ರತಿ ಮರಿಯೂ ಕಿರುಬೆರಳಿನ ಒಂದು ಗೆಣ್ಣಿನಷ್ಟು. ಎಳೆ ಹಸಿರು, ಸುರುಳಿ ಬಾಲ, ತಾಯಿಯ ಹಾಗೆಯೇ ಗಂಭೀರ ಮುಖ.

ಬಾಯಿಂದ ಬಾಯಿಗೆ ಸುದ್ದಿ ಹೋಗಿ ಓಣಿಯ ಮೂರು ಹುಡುಗಿಯರು ನೋಡಲು ಬಂದರು. ಮಾರನೇ ದಿನವೂ ಬಂದರು. ಮೇಧಾ ಅವರಿಗೆ ಎಲ್ಲವನ್ನೂ ವಿವರಿಸುತ್ತಿದ್ದಳು, ಮರಿಗಳಿಗೆ ಮೂರು ತಿಂಗಳಾದ ಮೇಲೆ ಒಬ್ಬೊಬ್ಬರಿಗೂ ಒಂದೊಂದು ಕೊಡುವುದಾಗಿ ಮಾತು ಕೊಟ್ಟಳು. ಅಡಿಗೆಮನೆಯಲ್ಲಿ ಸುಮಾ ಅವರಿಗೆಲ್ಲ ಅವಲಕ್ಕಿ ಒಗ್ಗರಣೆ ಹಾಕುತ್ತ ಕಣ್ಣು ಒರೆಸಿಕೊಂಡಳು. ಈರುಳ್ಳಿ ಹೆಚ್ಚುತ್ತಿರಲಿಲ್ಲ, ಚಾತುರ್ಮಾಸ ಸುರುವಾಗಿತ್ತು.

ಮರಿಗಳಿಗೆ ಹಣ್ಣಿನ ನೊಣ ಬೇಕು, ಹಾರಲು ಬಾರದ ಸಣ್ಣ ಜಾತಿ. ಬಾಳೆಹಣ್ಣು ಕಿವುಚಿ ಯೀಸ್ಟ್ ಬೆರೆಸಿ ಬಾಟಲಿಗಳಲ್ಲಿ ಬೆಳೆಸಬೇಕು. "ನಮ್ಮ ಮನೀ ಬಾಳೆಹಣ್ಣು ತಿಂದು ಬೆಳದಾವು, ಅವೂ ಶಾಕಾಹಾರಿನ" ಎಂದು ನಾನು ಸುಮಾಳನ್ನು ರೇಗಿಸುತ್ತಿದ್ದೆ. ಮರಿಗಳ ಜಾಲರಿ ಪೆಟ್ಟಿಗೆ ಊಟದ ಮನೆಯ ಮೂಲೆಯಲ್ಲಿತ್ತು, ಪಿಕಲ್‌ಳದು ಮೇಲೆ ಮೇಧಾಳ ಕೋಣೆಗೆ ಹೋಗಿತ್ತು. ಜಾಲರಿಯ ಕಣ್ಣಿನಿಂದ ಒಂದೆರಡು ನೊಣ ಹೊರಗೆ ತೆವಳುವುದು ಮಾಮೂಲಿಯಾಗಿತ್ತು.

ಹೊಸ ಮನೆಯಲ್ಲಿ ಶ್ರಾವಣಕ್ಕೆ ಸತ್ಯನಾರಾಯಣ ಪೂಜೆ ಮಾಡಬೇಕೆಂದು ಸುಮಾ ಒಂದು ವರ್ಷದಿಂದ ಹೇಳುತ್ತಿದ್ದಳು. ಎಲ್ಲರಿಗೂ ಅನುಕೂಲವಾಗುವ ಶನಿವಾರ ಗೊತ್ತಾಯಿತು. ಅದೇ ಶನಿವಾರ ಗ್ಲೆಂಡೇಲಿನಲ್ಲಿ ನಾರೆಯ ಹುಟ್ಟುಹಬ್ಬ. ಮೇಧಾ ಹೋಗಬೇಕೋ ಬೇಡವೋ ಎಂದು ಮೂರು ದಿನ ಒದ್ದಾಡಿದಳು, ನಾರೆಗಾಗಿ ಅಲ್ಲ, ಮರಿಗಳನ್ನು ಬಿಟ್ಟು ಹೋಗಬೇಕಲ್ಲ ಎಂದು. "ನಾ ಇದ್ದೇನಲ್ಲ" ಎಂದು ನಾನೇ ಒತ್ತಾಯ ಮಾಡಿ ಶುಕ್ರವಾರ ಕರೆದುಕೊಂಡು ಹೋಗಿ ಬಿಟ್ಟುಬಂದೆ. ಫ್ರಿಜ್ಜಿನ ಮೇಲೆ ಒಂದು ಹಾಳೆ ಅಂಟಿಸಿ ಹೋಗಿದ್ದಳು. ನಾಲ್ಕು ಸಲ ನೀರು ಚಿಮುಕಿಸಬೇಕು, ಮೂರು ಸಲ ನೊಣ ಹಾಕಬೇಕು, ಏಳಕ್ಕೆ ಬಲ್ಬು ಆರಿಸಬೇಕು. ಕೊನೆಯ ಸಾಲಿನ ಕೆಳಗೆ ಎರಡು ಗೆರೆ: ಪ್ಲೀಸ್ ಡೋಂಟ್ ಮೂವ್ ದೆಮ್.

ಶನಿವಾರ ಬೆಳಿಗ್ಗೆ ಏಳಕ್ಕೇ ಪದ್ಮಕ್ಕಜ್ಜಿ ಬಂದರು. ಪೊವೇಯಲ್ಲಿರುವ ನನ್ನ ಗೆಳೆಯನ ತಾಯಿ, ಹುಬ್ಬಳ್ಳಿಯಿಂದ ಆರು ತಿಂಗಳಿಗೆ ಬಂದವರು. ಮಡಿಯಲ್ಲಿ ನೈವೇದ್ಯದ ಅಡಿಗೆಗೆ ಅವರೇ ನಿಲ್ಲುವುದೆಂದು ಮಾತಾಗಿತ್ತು. ನಾನು ಸ್ನಾನ ಮಾಡಿ, ಮಡಿ ಪಂಚೆ ಉಟ್ಟು, ಮಂಟಪಕ್ಕೆ ಬಾಳೆಕಂಬದ ಬದಲು ಪ್ಲಾಸ್ಟಿಕ್ ತೋರಣ ಕಟ್ಟುತ್ತಿದ್ದೆ. ಒಂಬತ್ತು ಗಂಟೆಗೆ ಒಳಗಿನಿಂದ ಸುಮಾ ಬಂದು ಪಿಸುದನಿಯಲ್ಲಿ ಹೇಳಿದಳು. "ಪ್ರಸಾದದ ಸಪಾದಕ್ಕ ಹೆಚ್ಚಿದ ಬಾಳೆಹಣ್ಣಿನ ಮ್ಯಾಲ ನೊಣ ಹತ್ಯಾವು. ಅಜ್ಜಿ ನೋಡ್ಯಾರ."

ನನಗೆ ಮುಖ ಬಿಸಿಯಾಯಿತು. ಪದ್ಮಕ್ಕಜ್ಜಿ ಬೈಯುವವರಲ್ಲ. ಹೊರಗೆ ಬಂದು ಪೆಟ್ಟಿಗೆಯೊಳಗೆ ಬಗ್ಗಿ ನೋಡಿ, "ಅಯ್ಯ, ಎಷ್ಟು ಸಣ್ಣವು ಅವ. ಪಾಪ, ಅವಕ್ಕೂ ಜೀವ ಅದ. ಒಂದೀಟು ಬಾಜೂಕ ಇಡಪಾ, ಪೂಜಾ ಮುಗಿದ ಮ್ಯಾಲ ತೊಗೊಂಡ್ರಾತು" ಅಂದರು. ಇಷ್ಟೇ ಅಂದದ್ದು. ತಪ್ಪು ಅವರದಲ್ಲ, ಸುಮಾಳದೂ ಅಲ್ಲ. ಬಾಜೂಕ ಎಂದರೆ ಎಲ್ಲಾದರೂ ಆಗಬಹುದಿತ್ತು. ಮೇಲೆ ಮೇಧಾಳ ಕೋಣೆ ಇತ್ತು, ಅಲ್ಲಿ ತಂಪೂ ಇತ್ತು. ಆದರೆ ಮೆಟ್ಟಿಲು ಹತ್ತಬೇಕು. ಗ್ಯಾರೇಜಿನ ಬಾಗಿಲು ಊಟದ ಮನೆಯಿಂದ ಎಂಟು ಹೆಜ್ಜೆ. ಮಡಿ ಕೆಡದಿರಲೆಂದು ಒಂದು ಹಳೇ ಟವೆಲಿನಲ್ಲಿ ಪೆಟ್ಟಿಗೆಯನ್ನು ಹಿಡಿದು ಅಲ್ಲಿ ಇಟ್ಟೆ, ನೊಣದ ಬಾಟಲಿಗಳನ್ನೂ ಪಕ್ಕಕ್ಕೆ ಇಟ್ಟೆ, ಬಾಗಿಲು ಮುಚ್ಚಿದೆ. ಕೈಕಾಲು ತೊಳೆದುಕೊಂಡೆ. ಬೆಳಗಿನ ಹೊತ್ತು ಅಲ್ಲಿ ತಂಪಾಗಿಯೇ ಇತ್ತು. ನಮ್ಮ ಗ್ಯಾರೇಜು ಪಶ್ಚಿಮಕ್ಕೆ ಮುಖ ಮಾಡಿದೆ, ಮಧ್ಯಾಹ್ನದ ಬಿಸಿಲೆಲ್ಲ ಅದರ ತಗಡಿನ ಬಾಗಿಲಿನ ಮೇಲೇ ಬೀಳುತ್ತದೆ ಎಂಬುದು ನನಗೆ ಗೊತ್ತಿಲ್ಲದ್ದೇನಲ್ಲ. ಮನೆ ಕೊಳ್ಳುವಾಗ ಅದೇ ಕಾರಣಕ್ಕೆ ಚೌಕಾಶಿ ಮಾಡಿದ್ದೆ.

ಭಟ್ಟರು ಸಿಕ್ಕಿರಲಿಲ್ಲ, ಪುಸ್ತಕ ನೋಡಿಕೊಂಡು ನಾನೇ ಕಥೆ ಓದಿದೆ. ಅದರಲ್ಲಿ ದೇವರಿಗೆ ಕೊಟ್ಟ ಮಾತು ಮರೆತವನಿಗೆ ಏನೇನು ಆಯಿತು ಎಂದು ಬರುತ್ತದೆ. ಚೆನ್ನಾಗಿ, ಏರಿಳಿತ ಕೊಟ್ಟು ಓದಿದೆನೆಂದು ಎಲ್ಲರೂ ಹೊಗಳಿದರು. ಮೂವತ್ತು ಜನ ಬಂದಿದ್ದರು. ಮಂಗಳಾರತಿಯಾಗಿ ಊಟಕ್ಕೆ ಎಲೆ ಹಾಕುವಾಗ ಒಂದೂವರೆ ಆಗಿತ್ತು. ಕೈಯಲ್ಲಿ ತವ್ವೆಯ ಪಾತ್ರೆ ಹಿಡಿದಿದ್ದಾಗ ಫೋನು ಬಂತು.

"ಅಪ್ಪಾ, ಡಿಡ್ ದೆ ಈಟ್?"

ನನ್ನ ಎದುರಿಗೆ ಗೆಳೆಯನೊಬ್ಬ ಎಲೆಯ ಮುಂದೆ ಕೂತು ತವ್ವೆಗೆ ಕಾಯುತ್ತಿದ್ದ. "ಹೂಂ ಪುಟ್ಟಿ, ತಿಂದ್ವು. ಎಲ್ಲಾ ತಿಂದ್ವು" ಅಂದೆ.

"ಆಲ್ ನೈನ್‌ಟೀನ್?"

"ಹತ್ತೊಂಬತ್ತೂ."

ಅವಳು ಥ್ಯಾಂಕ್ಸ್ ಹೇಳಿ ಫೋನ್ ಇಟ್ಟಳು. ನಾನು ತವ್ವೆ ಬಡಿಸಿದೆ. ಆಗಲೂ ಎಂಟು ಹೆಜ್ಜೆ ಹೋಗಿ ನೋಡಬಹುದಿತ್ತು. ನೋಡಬೇಕು ಅಂತ ಅನ್ನಿಸಿತು ಕೂಡ. ಇವರಿಗೆ ಬಡಿಸಿ ಹೋದರಾಯಿತು ಅಂದುಕೊಂಡೆ, ಆಮೇಲೆ ಹೋಳಿಗೆ ಬಂತು, ಆಮೇಲೆ ತಾಂಬೂಲ ಕೊಡುವುದು ಬಂತು.

ಎಲ್ಲರೂ ಹೋದಾಗ ಐದು ಗಂಟೆ. ಗ್ಯಾರೇಜಿನ ಬಾಗಿಲು ತೆರೆದಾಗ ಬಂದ ಝಳಕ್ಕೆ ಒಂದು ಹೆಜ್ಜೆ ಹಿಂದೆ ಸರಿದೆ. ಬಾಟಲಿಗಳಲ್ಲಿ ನೊಣಗಳೆಲ್ಲ ಸತ್ತು ತಳಕ್ಕೆ ಕರಿ ಎಳ್ಳಿನ ಹಾಗೆ ಬಿದ್ದಿದ್ದವು. ಪೆಟ್ಟಿಗೆಯಲ್ಲಿ ಮೇಲಿನ ಕಡ್ಡಿಗಳು ಖಾಲಿ. ಮರಿಗಳು ನೆರಳು ಹುಡುಕಿಕೊಂಡು ಕೆಳಗಿನ ಒಂದೇ ಮೂಲೆಗೆ ಇಳಿದಿದ್ದವು, ಒಂದರ ಮೇಲೊಂದು. ಬಣ್ಣ ಬಿಳಿಚಿ ಹೋಗಿತ್ತು. ಎಲ್ಲದರ ಬಾಯಿ ತೆರೆದಿತ್ತು. ನಾನು ಹೊಸ ಪಂಚೆಯಲ್ಲೇ ನೆಲಕ್ಕೆ ಕೂತು ಒಂದೊಂದನ್ನೇ ಎತ್ತಿ ಹನಿ ನೀರು ಬಾಯಿಗೆ ಬಿಟ್ಟೆ. ನೀರು ಹಾಗೇ ಪಕ್ಕಕ್ಕೆ ಹರಿದುಹೋಗುತ್ತಿತ್ತು. ಎರಡು ಮಾತ್ರ ಕಣ್ಣು ಹೊರಳಿಸಿದವು. ಸುಮಾ ಬಾಗಿಲಲ್ಲಿ ಬಂದು ನಿಂತವಳು ಬಾಯಿಗೆ ಸೆರಗು ಒತ್ತಿಕೊಂಡಳು.

ಹದಿನೇಳನ್ನು ಪೇಪರ್ ಟವೆಲಿನಲ್ಲಿ ಸುತ್ತಿ ಹಿತ್ತಿಲಲ್ಲಿ ಹುಗಿದೆ. ಮಣ್ಣು ಎಷ್ಟು ಗಟ್ಟಿಯೆಂದರೆ ಒಂದು ಗೇಣು ತೋಡುವುದಕ್ಕೆ ಅರ್ಧ ತಾಸು ಹಿಡಿಯಿತು. "ಆಕಿಗೆ ಹೇಳ್ರಿ. ಇದ್ದದ್ದು ಇದ್ದಂಗ ಹೇಳ್ರಿ" ಅಂದಳು ಸುಮಾ. ಹೇಳ್ತೀನಿ ಅಂದೆ. ನಿಜವಾಗಿಯೂ ಹೇಳುವವನಿದ್ದೆ. ಪೆಟ್ಟಿಗೆಯನ್ನು ಮೊದಲಿನ ಜಾಗದಲ್ಲೇ ಇಟ್ಟು, ಬಲ್ಬು ಹಾಕಿದೆ. ಹಾಗೆ ಇಡುವಾಗಲೇ ನಾನು ಹೇಳುವವನಲ್ಲ ಎಂದು ನನ್ನ ಕೈಗಳಿಗೆ ಗೊತ್ತಿತ್ತು ಅನ್ನಿಸುತ್ತದೆ.

ಭಾನುವಾರ ಸಂಜೆ ನಾರೆಯ ಅಪ್ಪ ಮೇಧಾಳನ್ನು ಬಿಟ್ಟುಹೋದ. ಚಪ್ಪಲಿ ಕಳಚುವ ಮೊದಲೇ ಪೆಟ್ಟಿಗೆಗೆ ಓಡಿದಳು. ನೋಡಿದಳು. ಎಲೆಗಳನ್ನು ಸರಿಸಿ ನೋಡಿದಳು. ನನ್ನ ಕಡೆ ತಿರುಗಿದಳು.

"ಶುಕ್ರವಾರ ಸಂಜಿಯಿಂದ ಒಂದೊಂದ ಹೋಗ್ಲಿಕ್ಕತ್ವು ಪುಟ್ಟಿ. ಶಕ್ತಿನ ಇರಲಿಲ್ಲ ಅವಕ್ಕ. ಫೋನಿನ್ಯಾಗ ಹೇಳಿದ್ರ ನೀ ಅಳ್ತಿದ್ದಿ ಅಂತ ಹೇಳಲಿಲ್ಲ."

ಎಷ್ಟು ನೀಟಾಗಿ ಬಂತು ನೋಡಿ. ಫೋನಿನ ಸುಳ್ಳಿಗೂ ಅದರಲ್ಲೇ ಜಾಗ ಮಾಡಿಕೊಂಡಿದ್ದೆ. ಸುಮಾ ಅಡಿಗೆಮನೆಯಿಂದ ಕೇಳಿಸಿಕೊಳ್ಳುತ್ತಿದ್ದಳು, ಪಾತ್ರೆ ತೊಳೆಯುವ ಸದ್ದು ನಿಂತಿತ್ತು.

ಮೇಧಾ ಅಳಲಿಲ್ಲ. ನೋಟ್‌ಬುಕ್ ತಂದಳು. ನೆಲದ ಮೇಲೆ ಕೂತು ಪುಟ ತಿರುವುತ್ತ ಹೋಗಿ ಮೇ ತಿಂಗಳಿಗೆ ನಿಂತಳು. ಆಮೇಲೆ ಆ ಪುಟದ ಮೇಲೆ ಬೆರಳಿಟ್ಟು ನನ್ನ ಮುಖ ನೋಡಿ ಕೇಳಿದಳು. "ವಾಸ್ ಇಟ್ ದ ವಾಟರ್?"

ಹನ್ನೊಂದು ವರ್ಷದ ಹುಡುಗಿ. ನಾನು ಅಲ್ಲ ಅನ್ನುತ್ತೇನೆಂದು ಆಸೆಯಿಂದ ನೋಡುತ್ತಿದ್ದಳು. ಅಲ್ಲ ಅಂದರೆ ಮತ್ತೇನು ಎಂದು ಕೇಳುತ್ತಾಳೆ.

"ಇರಬಹುದು" ಅಂದೆ.

ಅವಳು ತಲೆಯಾಡಿಸಿ ಪೆನ್ಸಿಲ್ ತೆಗೆದುಕೊಂಡು ಏನೋ ಬರೆದಳು. ನಾನು ಯಾವತ್ತೂ ಆ ಪುಟ ತೆರೆದು ನೋಡಿಲ್ಲ. ಉಳಿದ ಎರಡರಲ್ಲಿ ಒಂದು ಬುಧವಾರ ಸತ್ತಿತು. ಇನ್ನೊಂದನ್ನೂ ಪಿಕಲ್‌ಳನ್ನೂ ಅವಳು ಶಾಲೆಯ ವಿಜ್ಞಾನದ ಟೀಚರಿಗೆ ಕೊಟ್ಟುಬಂದಳು. ತನ್ನ ಕೈಯಲ್ಲಿದ್ದರೆ ಅವೂ ಉಳಿಯುವುದಿಲ್ಲ ಎಂದು ಹೇಳಿದಳಂತೆ. ಮೂರು ಹುಡುಗಿಯರು ಒಂದೆರಡು ಸಲ ಬಂದರು, ತೋರಿಸಲು ಏನೂ ಇರಲಿಲ್ಲ, ಬರುವುದು ನಿಂತಿತು. ಸುಮಾ ಮತ್ತೆ ಆ ಮಾತೆತ್ತಲಿಲ್ಲ. ಸತ್ಯನಾರಾಯಣ ಪೂಜೆಯನ್ನೂ ನಮ್ಮ ಮನೆಯಲ್ಲಿ ಆಮೇಲೆ 'ಈ ವರ್ಷ ಬ್ಯಾಡ' ಎಂದು ಮುಂದಕ್ಕೆ ಹಾಕುತ್ತಲೇ ಬಂದಳು.

ಅದೇ ಅಕ್ಟೋಬರಿನಲ್ಲಿ ಗುಡ್ಡಗಳಿಗೆ ಬೆಂಕಿ ಹತ್ತಿ, ನಮ್ಮ ಕಡೆಯವರೆಲ್ಲ ಬೆಳಿಗ್ಗೆ ಮನೆ ಬಿಡಬೇಕೆಂದು ಫೋನ್ ಬಂತಲ್ಲ, ಆಗ ಸುಮಾ ಪಾಸ್‌ಪೋರ್ಟು, ಮಂಗಳಸೂತ್ರ, ದೇವರ ಪೆಟ್ಟಿಗೆ ಎಂದು ಓಡಾಡುತ್ತ, "ನಿನಗ ಏನ್ ಬೇಕೋ ತೊಗೋ ಮೇಧಾ, ಲಗೂನ" ಅಂದಳು. ಮೇಧಾ ಕೈ ಬೀಸಿಕೊಂಡು ಬಂದು ಕಾರಿನಲ್ಲಿ ಕೂತಳು. ಏನೂ ಇಲ್ಲವೇ ಎಂದೆ. ಏನೂ ಇಲ್ಲ ಎಂದಳು. ಫ್ರೀವೇಯಲ್ಲಿ ಕಾರುಗಳು ತೆವಳುತ್ತಿದ್ದವು, ಗಾಜಿನ ಮೇಲೆ ಬೂದಿ ಬೀಳುತ್ತಿತ್ತು, ಗ್ಲೆಂಡೇಲ್ ತಲುಪಲು ಆರು ತಾಸು ಹಿಡಿಯಿತು. ಆರು ತಾಸು ಅವಳು ನನ್ನ ಪಕ್ಕದಲ್ಲೇ ಕೂತಿದ್ದಳು. ಹೇಳಲು ಅದಕ್ಕಿಂತ ಒಳ್ಳೆಯ ಹೊತ್ತು ಯಾವುದಿತ್ತು? ವೈಪರ್ ಹಾಕಲೋ ಬೇಡವೋ ಎಂದು ಸುಮಾಳ ಜೊತೆ ವಾದ ಮಾಡುತ್ತ ಕಾರು ನಡೆಸಿದೆ. ಬೆಂಕಿ ನಮ್ಮ ಮನೆಯವರೆಗೆ ಬರಲಿಲ್ಲ.

ಕಾಲೇಜಿಗೆ ಅರ್ಜಿ ಹಾಕುವ ವರ್ಷ ಅವಳು ಒಂದು ಪ್ರಬಂಧ ಬರೆದಳು. ನಿಮ್ಮ ಒಂದು ಸೋಲಿನಿಂದ ಏನು ಕಲಿತಿರಿ ಎಂಬ ವಿಷಯ. ತಾನು ನೀರಿನ ವಿಷಯದಲ್ಲಿ ಮಾಡಿದ ಉದಾಸೀನ, ಅದಕ್ಕೆ ಬಲಿಯಾದ ಮರಿಗಳು, ಜೋಪಾನ ಮಾಡುವುದೆಂದರೆ ಏನು ಎಂದು ಚಂದ ಬರೆದಿದ್ದಳು. ತಪ್ಪು ನೋಡಿಕೊಡು ಎಂದು ನನ್ನ ಕೈಗೆ ಕೊಟ್ಟಳು. ನಾನು ಕನ್ನಡಕ ಹಾಕಿಕೊಂಡು ಕೂತು ಎರಡು ಅಲ್ಪವಿರಾಮ ಸರಿ ಮಾಡಿದೆ, ಒಂದು ಕಡೆ ಶಬ್ದ ಬದಲಿಸಿದೆ. ಚೆನ್ನಾಗಿದೆ ಎಂದು ಹೇಳಿ ವಾಪಸು ಕೊಟ್ಟೆ.

ಈಗ ಅವಳಿಗೆ ಇಪ್ಪತ್ತೊಂಬತ್ತು. ಉತ್ತರದಲ್ಲಿ ಒಂದು ಮಳೆಯ ಊರಿನಲ್ಲಿ ಸೇತುವೆಗಳ ಡಿಸೈನ್ ಮಾಡುತ್ತಾಳೆ. ಗಂಡ ಒಳ್ಳೆಯ ಹುಡುಗ. ನಾಯಿ ಸಾಕೋಣ ಎಂದು ಅವನಿಗೆ ಆಸೆ. ಹೋದ ತಿಂಗಳು ವಿಡಿಯೋ ಕಾಲಿನಲ್ಲಿ ಅವನು ನನಗೆ ದೂರು ಹೇಳಿದ, ಇವಳು ಒಂದು ಗಿಡ ಕೂಡ ಮನೆಗೆ ತರಲು ಬಿಡುವುದಿಲ್ಲ ಎಂದು. ಮೇಧಾ ನಗುತ್ತ, "ಐ ಕಿಲ್ ಥಿಂಗ್ಸ್. ಆಸ್ಕ್ ಅಪ್ಪಾ" ಅಂದಳು. ನಾನೂ ನಕ್ಕೆ. ಫೋನ್ ಇಟ್ಟ ಮೇಲೆ ಸುಮಾ ಎದ್ದು ಒಳಗೆ ಹೋದಳು, ಅವತ್ತು ರಾತ್ರಿ ಊಟಕ್ಕೂ ನನ್ನನ್ನು ಕರೆಯಲಿಲ್ಲ.

ಇದನ್ನು ಬರೆಯಲು ಕೂತಾಗ ನನಗೆ ಒಂದು ಧೈರ್ಯವಿತ್ತು. ಮೇಧಾಳಿಗೆ ಕನ್ನಡ ಓದಲು ಬರುವುದಿಲ್ಲ. ಭಾನುವಾರದ ಕನ್ನಡ ಶಾಲೆಗೆ ಎರಡು ತಿಂಗಳು ಹೋಗಿ ಬಿಟ್ಟಳು. ಹೀಗಾಗಿ ನಿಮಗೆಲ್ಲ ಹೇಳಬಹುದು, ಅವಳಿಗೆ ಗೊತ್ತಾಗುವುದಿಲ್ಲ. ಬರೆದು ಮುಗಿಸಿದ ಮೇಲೆ ಸುಮಾಳಿಗೆ ತೋರಿಸಿದೆ. ಅವಳು ಎಲ್ಲವನ್ನೂ ಓದಿ, ಹಾಳೆಗಳನ್ನು ಜೋಡಿಸಿ ನನ್ನ ಮುಂದಿಟ್ಟು, "ಆಕಿಗೆ ಓದ್ಲಿಕ್ಕೆ ಬರಂಗಿಲ್ಲ. ಕೇಳಿದ್ರ ತಿಳೀತದ" ಅಂದಳು.

ಹಾಗಾಗಿ ಶುಕ್ರವಾರ ಸಂಜೆ ಫೋನ್ ಮಾಡಿದೆ. ಒಂದು ಬರೆದಿದ್ದೇನೆ, ಓದುತ್ತೇನೆ, ಕೇಳು ಎಂದೆ. "ಇಸ್ ಇಟ್ ಲಾಂಗ್?" ಎಂದು ಕೇಳಿ, ಸರಿ, ತರಕಾರಿ ಹೆಚ್ಚುತ್ತ ಕೇಳುತ್ತೇನೆ ಅಂದಳು. ಉಪ್ಪಿನಕಾಯಿಗೆ ನಕ್ಕಳು. ಮೊಸರಲ್ಲ ಎಂಬ ಚೀಟಿಗೂ ನಕ್ಕಳು. ಪದ್ಮಕ್ಕಜ್ಜಿ ಬರುವ ಹೊತ್ತಿಗೆ ಚಾಕುವಿನ ಸದ್ದು ನಿಂತಿತು. ನಾನು ನಿಲ್ಲಿಸದೆ ಕೊನೆಯವರೆಗೆ ಓದಿದೆ.

ಆ ಕಡೆ ಚಾಕು ಕೆಳಗಿಟ್ಟ ಸದ್ದು ಬಂತು.

"ಸೋ ಇಟ್ ವಾಸಂಟ್ ದ ವಾಟರ್" ಅಂದಳು.

"ಅಲ್ಲ ಪುಟ್ಟಿ. ನೀರಲ್ಲ."

"ಒಂದೂವರೆಗೆ ನಾನು ಫೋನ್ ಮಾಡಿದೆನಲ್ಲ." ಇದನ್ನು ಕನ್ನಡದಲ್ಲೇ ಹೇಳಿದಳು, ಒಂದೊಂದೇ ಶಬ್ದ ಹುಡುಕಿಕೊಂಡು. "ಆವಾಗ ಜೀವ ಇತ್ತಾ ಅವಕ್ಕೆ?"

"ಗೊತ್ತಿಲ್ಲ. ನಾ ನೋಡಲಿಲ್ಲ."

"ಓಕೆ" ಎಂದು ಫೋನ್ ಇಟ್ಟಳು.

ಈ ಕೊನೆಯ ಸಾಲುಗಳನ್ನು ಆಮೇಲೆ ಸೇರಿಸುತ್ತಿದ್ದೇನೆ. ಹನ್ನೊಂದು ದಿನವಾಯಿತು, ಅವಳಿಂದ ಫೋನಿಲ್ಲ. ದಿನಕ್ಕೆ ಹತ್ತು ಸಲ ಅವಳ ನಂಬರ್ ತೆಗೆದು ನೋಡುತ್ತೇನೆ. ನಿನ್ನೆ ಒತ್ತಿಯೇ ಬಿಡುವವನಿದ್ದೆ, ಸುಮಾ ಬಂದು ಫೋನ್ ಕಸಿದುಕೊಂಡಳು.

"ಆಕಿ ಹದಿನೆಂಟು ವರ್ಷ ಹೊತ್ತಾಳ. ನೀವು ಹನ್ನೊಂದು ದಿನ ತಡಕೊಳ್ರಿ."